ಪ್ರಯಾಣ ಪ್ರಶ್ನೋತ್ತರ: ಮರುಭೂಮಿ ಬದಿಯ ಅಗ್ಗದ ಮೋಟೆಲಿಗೆ ಹೋಗ್ಬಹುದಾ?

ಪ್ರಶ್ನೆ: ನಮ್ಮದು ಉಡುಪಿ ಕಡಿಯಾಳಿ. ಮಗ ಲಾಸ್ ಏಂಜಲೀಸ್ ಹತ್ರ ಕೆಲಸದಲ್ಲಿದ್ದಾನೆ, ಆಗಸ್ಟಿನಲ್ಲಿ ನಾವಿಬ್ಬರು ಹೋಗಿ ಮೂರು ತಿಂಗಳು ಇರುವವರು. ಸೆಪ್ಟೆಂಬರ್ ಮೊದಲ ವಾರ ಅಲ್ಲಿ ಲೇಬರ್ ಡೇ ರಜೆಯಂತೆ, ಜೋಶುವಾ ಟ್ರೀ ಅಂತ ಮರುಭೂಮಿ ಪಾರ್ಕಿಗೆ ನಡೀಲಿಕ್ಕೆ ಕರ್ಕೊಂಡು ಹೋಗ್ತೇನೆ ಅಂತಾನೆ, ಒಂದು ರಾತ್ರಿಗೆ ಮೋಟೆಲ್ ಕೂಡ ನೋಡಿಟ್ಟಿದ್ದಾನೆ. ಇವರಿಗೆ ಮೋಟೆಲ್ ಅಂದ್ರೆ ಇಂಗ್ಲಿಷ್ ಪಿಚ್ಚರಲ್ಲಿ ಕೊಲೆ ಆಗುವ ಜಾಗ. ನನಗೆ ಸ್ವಲ್ಪ ಮಂಡಿನೋವು, ಮತ್ತೆ ನಾವು ಸಸ್ಯಾಹಾರಿಗಳು. ಎಂತ ಮಾಡುವುದು?
(ಹೆಸರು ಬೇಡ)

ಉತ್ತರ: ಅಕ್ಕ, ಕೊಲೆಯ ಹೆದರಿಕೆ ಬಿಡ್ಲಿಕ್ಕೆ ಹೇಳಿ ಅವರಿಗೆ, ಅಲ್ಲಿ ನಿದ್ದೆ ಕೆಡಿಸುವುದು ಹೆಚ್ಚೆಂದ್ರೆ ಕಿಟಕಿ ಕೆಳಗಿನ ಏಸಿಯ ಗುರುಗುರು. ಸಾಲಾಗಿ ರೂಮು, ಬಾಗಿಲು ತೆಗೆದ್ರೆ ಎದುರಿಗೇ ನಿಮ್ಮ ಕಾರು, ಒಳಗೆ ಎರಡು ದೊಡ್ಡ ಮಂಚ, ಸಣ್ಣ ಫ್ರಿಜ್ಜು, ಹೆಚ್ಚಿನ ಕಡೆ ಮೈಕ್ರೋವೇವ್, ಹೊರಗೆ ಎಲ್ಲಾದ್ರೂ ಒಂದು ಐಸ್ ಮಷಿನ್, ಇಷ್ಟೇ. ಕೌಂಟರಲ್ಲಿ ಗುಜರಾತಿ ಪಟೇಲರು ಸಿಕ್ಕಿದ್ರೆ ಆಶ್ಚರ್ಯ ಬೇಡ, ನಮ್ಮ ಉಡುಪಿಯವರು ಮುಂಬೈಯಲ್ಲಿ ಹೋಟೆಲ್ ಹಿಡಿದ ಹಾಗೆ ಅವರು ಅಲ್ಲಿ ಮೋಟೆಲ್ ಹಿಡಿದಿದ್ದಾರೆ. 1962ರಲ್ಲಿ ರಾತ್ರಿಗೆ 6 ಡಾಲರ್ ಬಾಡಿಗೆಗೆ ಶುರುವಾದ ಮೋಟೆಲ್ 6 ಅನ್ನುವ ದೊಡ್ಡ ಚೈನನ್ನೇ 2024ರಲ್ಲಿ ನಮ್ಮ ಓಯೋದವರು 52.5 ಕೋಟಿ ಡಾಲರಿಗೆ ತಗೊಂಡ್ರು ಮಾರಾಯ್ರೆ.

ನನಗೆ ಸರಿ ಕಾಣದ್ದು ನಿಮ್ಮ ತಾರೀಕು. ಸೆಪ್ಟೆಂಬರ್ ಮೊದಲ ವಾರ ಅಂದ್ರೆ ಅಲ್ಲಿ ಇನ್ನೂ ಬೇಸಿಗೆಯೇ, ಮಧ್ಯಾಹ್ನ 38 ಡಿಗ್ರಿ ಮುಟ್ಟಿದ್ರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದರ ಮೇಲೆ ಲಾಂಗ್ ವೀಕೆಂಡ್ ಬೇರೆ, ಅಗ್ಗದ ಮೋಟೆಲೂ ಅಗ್ಗ ಇರ್ಲಿಕ್ಕಿಲ್ಲ. ಮೂರು ತಿಂಗಳು ಇರ್ತೀರಲ್ಲ, ಅಕ್ಟೋಬರ್ ಕೊನೆಗೆ ಹಾಕಿ, ಆಗುವುದಾದ್ರೆ ವಾರದ ನಡುವೆ. ಮಗನಿಗೆ ಎರಡು ದಿನ ರಜೆ ಹಾಕ್ಲಿಕ್ಕೆ ಹೇಳಿ, ಅಪ್ಪ ಅಮ್ಮ ದಿನಾ ಬರುವುದಿಲ್ಲ.

ಕರಾವಳಿಯವರಿಗೆ ಸೆಕೆ ಹೊಸತಾ ಅಂತ ಕೇಳ್ತೀರಿ. ನಮ್ಮಲ್ಲಿ ಮೇ ತಿಂಗಳಲ್ಲಿ ಅಂಗಿ ಬೆನ್ನಿಗೆ ಅಂಟಿ ಕೂತಾಗ ಗೊತ್ತಾಗ್ತದೆ ಬೆವರ್ತಾ ಇದ್ದೇವೆ ಅಂತ, ಅಲ್ಲಿ ಗಾಳಿಯಲ್ಲಿ ಪಸೆಯೇ ಇಲ್ಲ, ಬೆವರು ಬಂದದ್ದೇ ಆರಿ ಹೋಗ್ತದೆ, ಅಂಗಿ ಒಣಗಿಯೇ ಇರ್ತದೆ, ಕಾಲರಿನ ಹತ್ರ ಬಿಳೀ ಉಪ್ಪಿನ ಗೆರೆ ಕಾಣುವಾಗ ತಲೆನೋವು ಶುರುವಾಗಿ ಆಗಿರ್ತದೆ. ಬಾಯಾರಿಕೆಗೆ ಕಾಯ್ಬೇಡಿ. ಒಬ್ಬೊಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದ್ರೆ 3.8 ಲೀಟರ್ ನೀರು ಬೇಕು ಅಂತ ಪಾರ್ಕಿನವರೇ ಹೇಳ್ತಾರೆ, ಸೆಕೆಯಲ್ಲಿ ನಡೆಯುವುದಾದ್ರೆ ಇನ್ನೂ ಜಾಸ್ತಿ. ಟ್ರೇಲ್ ಅಂದ್ರೆ ನಡೆಯುವ ದಾರಿ ಹತ್ರ ನೀರಿಲ್ಲ, ಒಳಗೆ ಅಂಗಡಿ ಇಲ್ಲ, ಪೆಟ್ರೋಲ್ ಇಲ್ಲ, ಫೋನ್ ಸಿಗ್ನಲ್ ಹೆಚ್ಚಿನ ಕಡೆ ಇಲ್ಲ, ಬೊಂಡ ಕಡಿದು ಕೊಡುವವರಂತೂ ಇಲ್ಲವೇ ಇಲ್ಲ. ಒಂದಷ್ಟು ಓಆರ್‌ಎಸ್ ಪ್ಯಾಕೆಟ್ ಊರಿಂದಲೇ ತಗೊಂಡು ಹೋಗಿ.

ಈಗ ಮೋಟೆಲಿಗೆ ಬರುವ. ಮರುಭೂಮಿಯಲ್ಲಿ ರೂಮು ಬೇಕಾಗುವುದು ರಾತ್ರಿಗಿಂತ ಹೆಚ್ಚು ಮಧ್ಯಾಹ್ನಕ್ಕೆ. ಬೆಳಕು ಹರಿಯುವಾಗ ನಡೀಲಿಕ್ಕೆ ಶುರು ಮಾಡಿ, ಹನ್ನೊಂದರ ಒಳಗೆ ರೂಮಿಗೆ ಬಂದು ಪರದೆ ಎಳೆದು ಮಲಗಿ, ಬಿಸಿಲು ಇಳಿದ ಮೇಲೆ ಪುನಃ ಹೊರಡುವುದು. ಆದ್ರೆ ಹೆಚ್ಚಿನ ಮೋಟೆಲಲ್ಲಿ ಚೆಕ್‌ಔಟ್ ಹನ್ನೊಂದಕ್ಕೆ, ಚೆಕ್‌ಇನ್ ಮೂರಕ್ಕೆ, ನಿಮ್ಮ ಮಗ ಒಂದೇ ರಾತ್ರಿಗೆ ಮಾಡಿದ್ರೆ ಸರೀ ಬಿಸಿಲು ಹೊತ್ತಿಗೆ ನೀವು ಪೆಟ್ಟಿಗೆ ಸಮೇತ ರಸ್ತೆಯಲ್ಲಿ. ಎರಡು ರಾತ್ರಿ ಮಾಡ್ಲಿಕ್ಕೆ ಹೇಳಿ, ಚಂದದ ದುಬಾರಿ ಕಡೆ ಒಂದು ರಾತ್ರಿ ಇರುವುದಕ್ಕಿಂತ ಸಾದಾ ಕಡೆ ಎರಡು ರಾತ್ರಿ ಒಳ್ಳೇದು.

ಊರು ಯಾವುದು ಅಂದ್ರೆ ನಾನು ಟ್ವೆಂಟಿನೈನ್ ಪಾಮ್ಸ್ ಅನ್ನುತ್ತೇನೆ. ಅಲ್ಲಿಂದ ಪಾರ್ಕಿನ ಉತ್ತರದ ಗೇಟ್ ಹತ್ತಿರ, ವಾರದ ಕೊನೆಗೆ ಪಶ್ಚಿಮದ ಗೇಟಲ್ಲಿ ಕಾರಿನ ಸಾಲು ನಿಲ್ಲುವಷ್ಟು ಇಲ್ಲಿ ನಿಲ್ಲುವುದಿಲ್ಲ. ಊರಿನ ಪಕ್ಕ ಅಮೆರಿಕದ ಮರೀನ್ ಪಡೆಯ ದೊಡ್ಡ ತರಬೇತಿ ನೆಲೆ ಉಂಟು, ದೂರದಲ್ಲಿ ಢಂ ಅಂದ್ರೆ ಮಳೆ ಬರುವ ಗುಡುಗು ಅಂತ ಎಣಿಸ್ಬೇಡಿ. ಮಂಡಿ ನೋವಿರುವ ಕಾರಣ ಕೆಳಗಿನ ರೂಮೇ ಕೇಳಿ, ಹೈವೇಗೆ ಮುಖ ಮಾಡದ್ದು. ಒಳಗೆ ಹೋದ ಕೂಡ್ಲೇ ಸೂಟ್‌ಕೇಸನ್ನು ಬಾತ್‌ಟಬ್ಬಲ್ಲಿಟ್ಟು, ಹಾಸಿಗೆಯ ಹೊದಿಕೆ ಎತ್ತಿ ಅಂಚಿನ ಹೊಲಿಗೆಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ, ಶಾಯಿ ಚುಕ್ಕಿಯ ಹಾಗೆ ಕಪ್ಪು ಕಪ್ಪು ಕಂಡ್ರೆ ತಿಗಣೆ, ಬೇರೆ ರೂಮು ಕೇಳ್ಲಿಕ್ಕೆ ನಾಚಿಕೆ ಬೇಡ.

ನಡೀಲಿಕ್ಕೆ ನಿಮಗೆ ಹಿಡನ್ ವ್ಯಾಲಿ ಸಾಕು, ಸುತ್ತು ಬಂಡೆ, ನಡುವೆ ಬಯಲು, ಒಂದು ಮೈಲಿಯ ಸುತ್ತು. ಬಾರ್ಕರ್ ಡ್ಯಾಮ್ ಕೂಡ ಹೆಚ್ಚುಕಡಿಮೆ ಅಷ್ಟೇ. ರಯನ್ ಮೌಂಟನ್ ಮಗನಿಗಿರ್ಲಿ, ಹೋಗಿ ಬರ್ಲಿಕ್ಕೆ 3 ಮೈಲಿ, ಏರು 1,000 ಅಡಿಗಿಂತ ಜಾಸ್ತಿ, ಏರುವಾಗ ಅಲ್ಲದಿದ್ರೂ ಇಳಿಯುವಾಗ ಮಂಡಿ ಮಾತಾಡ್ತದೆ. ಕೀಸ್ ವ್ಯೂಗೆ ಕಾರಲ್ಲೇ ಹೋಗ್ಬಹುದು, ಭೂಕಂಪಕ್ಕೆ ಹೆಸರಾದ ಸ್ಯಾನ್ ಆಂಡ್ರಿಯಾಸ್ ಬಿರುಕು ಹಾದು ಹೋಗುವ ಕಣಿವೆ ಮೇಲಿಂದ ಕಾಣ್ತದೆ.

ಊಟಕ್ಕೆ ಇಲ್ಲಿಯ ಎಲೆಕ್ಟ್ರಿಕ್ ಕುಕ್ಕರ್ ಹೊತ್ತುಕೊಂಡು ಹೋಗ್ಬೇಡಿ. ನಮ್ಮ ಕರೆಂಟು 230 ವೋಲ್ಟ್, ಅಲ್ಲಿಯದ್ದು 120, ಶಾಖ ಕಾಲು ಭಾಗಕ್ಕೆ ಇಳೀತದೆ, ಕುಚ್ಚಲಕ್ಕಿ ಇಡೀ ರಾತ್ರಿ ಕೂತ್ರೂ ಬೇಯ್ಲಿಕ್ಕಿಲ್ಲ. ಒಗ್ಗರಣೆಯಂತೂ ಬೇಡವೇ ಬೇಡ, ಸಾಸಿವೆ ಸಿಡಿಯುವ ಮುಂಚೆ ಹೊಗೆ ಅಲಾರಂ ಬಡ್ಕೊಳ್ತದೆ. ಅವಲಕ್ಕಿ, ಚಟ್ನಿಪುಡಿ ಮಗನ ಮನೆಯಿಂದ ಕಟ್ಟಿಕೊಳ್ಳಿ, ದಾರಿಯಲ್ಲಿ ಯುಕ್ಕಾ ವ್ಯಾಲಿಯ ಸೂಪರ್ ಮಾರ್ಕೆಟಲ್ಲಿ ಮೊಸರು, ಹಣ್ಣು ತಗೊಂಡ್ರೆ ಎರಡು ದಿನ ಸುಖ. ಮೆಕ್ಸಿಕನ್ ಹೋಟೆಲಲ್ಲಿ ಅರೆದ ಬೀನ್ಸ್ ಸಿಗ್ತದೆ, ಕೆಲವು ಕಡೆ ಹಂದಿಕೊಬ್ಬು ಹಾಕ್ತಾರೆ, ಕೇಳಿಯೇ ತಿನ್ನಿ.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್, ಅಲ್ಲಿ ಎಂ.ಎಸ್. ಮಾಡ್ಲಿಕ್ಕೆ ಹೋಗುವವರು. ಒಂದೇ ರೂಮಲ್ಲಿ ಇರ್ಬಹುದಾ?
(ಬಿಕರ್ನಕಟ್ಟೆ, ಮಂಗಳೂರು)

ಉತ್ತರ: ಎರಡು ಮಂಚದ ರೂಮಲ್ಲಿ ಸಾಮಾನ್ಯವಾಗಿ ನಾಲ್ಕು ಜನ ಆಗ್ತದೆ, ಇಬ್ಬರು ಅಂತ ಬರೆಸಿ ನಾಲ್ವರು ನುಗ್ಗುವ ಬುದ್ಧಿವಂತಿಕೆ ಮಾತ್ರ ಬೇಡ. ಕೆಲವು ಕಡೆ 21 ವರ್ಷ ಆಗದವರ ಹೆಸರಲ್ಲಿ ರೂಮು ಕೊಡುವುದಿಲ್ಲ. ಆನ್‌ಲೈನಲ್ಲಿ ಕಾಣುವ ರೇಟಿನ ಮೇಲೆ ಟ್ಯಾಕ್ಸ್ ಬೇರೆ, ಡೆಪಾಸಿಟ್ ಅಂತ ಕಾರ್ಡಿನಲ್ಲಿ ಒಂದಷ್ಟು ದುಡ್ಡು ಹಿಡಿದಿಡ್ತಾರೆ, ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡಾದ್ರೆ ಅದು ವಾಪಸ್ ಬರುವಷ್ಟರಲ್ಲಿ ನೀವು ಉಪವಾಸ. ಜೋಶುವಾ ಟ್ರೀಗೆ ನಕ್ಷತ್ರ ನೋಡ್ಲಿಕ್ಕೆ ಹೋಗುವುದಾದ್ರೆ ಅಮಾವಾಸ್ಯೆ ನೋಡಿ ಹೋಗಿ, 2017ರಲ್ಲಿ ಈ ಪಾರ್ಕಿಗೆ ಡಾರ್ಕ್ ಸ್ಕೈ, ಅಂದ್ರೆ ದೀಪದ ಬೆಳಕು ಕೆಡಿಸದ ಕತ್ತಲೆ ಆಕಾಶದ ಮಾನ್ಯತೆ ಸಿಕ್ಕಿದೆ, ರಾತ್ರಿಯೂ ತೆರೆದಿರ್ತದೆ.

ಪ್ರಶ್ನೆ: ಅಲ್ಲಿ ಹಾವು ಚೇಳು ಉಂಟಾ?
(ಕುಂದಾಪುರದ ಓದುಗರು)

ಉತ್ತರ: ಉಂಟು, ಶೂ ಕೊಡವಿ ಹಾಕಿ, ಬಂಡೆ ಸಂದಿಗೆ ಕೈ ಹಾಕ್ಬೇಡಿ. ಅದಕ್ಕಿಂತ ಹೆಚ್ಚು ಜನರಿಗೆ ತ್ರಾಸ ಕೊಡುವುದು ಚೋಯಾ ಅನ್ನುವ ಕಳ್ಳಿ, ನೋಡ್ಲಿಕ್ಕೆ ರೋಮದ ಗೊಂಬೆ, ಸ್ವಲ್ಪ ತಾಗಿದ್ರೂ ಒಂದು ಉಂಡೆ ಕಳಚಿ ಚರ್ಮಕ್ಕೆ ಕಚ್ಚಿಕೊಳ್ತದೆ, ಕೈಯಲ್ಲಿ ಕೀಳ್ಲಿಕ್ಕೆ ಹೋದ್ರೆ ಆ ಕೈಗೂ. ಕಿಸೆಯಲ್ಲಿ ಒಂದು ಬಾಚಣಿಗೆ ಇಟ್ಕೊಳ್ಳಿ, ಉಂಡೆಗೂ ಚರ್ಮಕ್ಕೂ ನಡುವೆ ಹಲ್ಲು ತೂರಿಸಿ ಒಮ್ಮೆಗೇ ಹಾರಿಸಿ ಬಿಡುವುದು, ಪಕ್ಕದಲ್ಲಿ ಯಾರೂ ನಿಂತಿಲ್ಲ ಅಂತ ನೋಡ್ಕೊಂಡು.