ಡಲ್ಲಾಸಿನ ಕಂಚಿನ ಮಂದೆ

ಮಗಳ ಮನೆಗೆಂದು ಅಮೆರಿಕದ ಡಲ್ಲಾಸಿಗೆ ಹೋಗಿಬಂದ ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: “ಅಲ್ಲಿನ ಪಯೋನಿಯರ್ ಪ್ಲಾಜಾ ಉದ್ಯಾನದ ಫೋಟೊ ಹಾಕಿ ‘ಕಂಚಿನ ಹಸುಗಳು’ ಎಂದು ಹೊಗಳಿದ್ದೀರಿ. ಅವು ಕಸಾಯಿಖಾನೆಗೆ ಹೊರಟ ದನಗಳು. ಅದಕ್ಕೂ ಒಂದು ಸ್ಮಾರಕವೇ?”

ನಮಸ್ಕಾರ ಸರ್. ಮೊದಲು ನಮ್ಮ ತಪ್ಪು. ಅವು ಹಸುಗಳಲ್ಲ, ಬೀಜ ಒಡೆಸಿದ ಗಂಡು ದನಗಳು. ನಮ್ಮಲ್ಲಾದರೆ ಎತ್ತು ಎನ್ನುತ್ತೇವೆ. ನೊಗವನ್ನೇ ಕಾಣದ ಎತ್ತು, ಅಷ್ಟೇ. ತಳಿ ಲಾಂಗ್‌ಹಾರ್ನ್. ನಮ್ಮ ಹಳ್ಳಿಕಾರ್ ಕೊಂಬು ಹಿಂದಕ್ಕೆ ಬಾಗುತ್ತದೆ, ಇವುಗಳದ್ದು ಎರಡೂ ಪಕ್ಕಕ್ಕೆ ಚಾಚುತ್ತದೆ.

ಎಲ್ಲಿಗೆ ಹೊರಟಿದ್ದವು ಎಂಬುದರಲ್ಲಿ ನೀವೇ ಸರಿ. 1865ರಲ್ಲಿ ಅಂತರ್ಯುದ್ಧ ಮುಗಿದಾಗ ಟೆಕ್ಸಾಸಿನಲ್ಲಿ ದನವೋ ದನ, ಕೊಳ್ಳುವವರಿಲ್ಲ. ಅಲ್ಲಿ ಸುಮಾರು 4 ಡಾಲರಿನ ದನಕ್ಕೆ ಉತ್ತರದಲ್ಲಿ 40 ಡಾಲರ್‌ವರೆಗೆ ಬೆಲೆ. ಸಾಗಿಸಲು ರೈಲಿಲ್ಲ. ಹಾಗಾಗಿ ಎರಡು ಮೂರು ಸಾವಿರ ದನಗಳ ಮಂದೆಯನ್ನು ಹತ್ತು ಹನ್ನೆರಡು ಸವಾರರು ದಿನಕ್ಕೆ 10–15 ಮೈಲಿಯಂತೆ ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗುತ್ತಿದ್ದರು. ಸವಾರರಲ್ಲಿ ಕಪ್ಪು ಜನ, ಮೆಕ್ಸಿಕೋದವರು ಬೇಕಾದಷ್ಟಿದ್ದರು. ಡಲ್ಲಾಸಿನ ಮೇಲೆ ಹಾದದ್ದು ಶಾನೀ ದಾರಿ, ಅದು ಯುದ್ಧಕ್ಕೂ ಹಳೆಯದು. ಆ ದಾರಿಯಲ್ಲಿ ಮಿಸ್ಸೂರಿ ರಾಜ್ಯದ ರೈತರು ಬಂದೂಕು ಹಿಡಿದು ಮಂದೆಗಳನ್ನು ತಡೆದದ್ದೂ ಉಂಟು. ಟೆಕ್ಸಾಸಿನ ದನ ಹಾದುಹೋದ ಮೇಲೆ ಅವರ ದನಗಳು ಜ್ವರ ಬಂದು ಸಾಯುತ್ತಿದ್ದವು. ಅದು ಟೆಕ್ಸಾಸಿನ ದನಗಳ ಮೈಮೇಲಿನ ಉಣ್ಣೆಹುಳದ ಕೆಲಸ ಎಂದು ಗೊತ್ತಾಗುವ ಹೊತ್ತಿಗೆ ಮಂದೆಗಳ ಕಾಲವೇ ಮುಗಿದಿತ್ತು. ಮುಳ್ಳುತಂತಿ ದಾರಿ ಮುಚ್ಚಿತ್ತು, ರೈಲು ಮನೆಬಾಗಿಲಿಗೇ ಬಂದಿತ್ತು.

ಈ ಸ್ಮಾರಕ ಬಂದದ್ದು 1990ರ ದಶಕದಲ್ಲಿ. ಶಿಲ್ಪಿ ರಾಬರ್ಟ್ ಸಮ್ಮರ್ಸ್. 49 ಎತ್ತು, ಕುದುರೆ ಮೇಲೆ ಮೂವರು. ಆಗಲೂ ಜಗಳವಾಗಿತ್ತು. ಇದು ನಮ್ಮ ಊರಿನ ಚರಿತ್ರೆಯಲ್ಲ ಎಂದು ಅಲ್ಲಿನ ಕಲಾವಿದರು ಕೋರ್ಟಿಗೇ ಹೋದರು. ಅವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ದನದ ಊರು ಎಂದು ಹೆಸರಾದದ್ದು ಪಕ್ಕದ ಫೋರ್ಟ್ ವರ್ತ್. ಡಲ್ಲಾಸಿನಲ್ಲಿ ಮಂದೆ ಹಾದುಹೋಯಿತು, ಊರು ಬೆಳೆದದ್ದು ಹತ್ತಿ, ಬ್ಯಾಂಕುಗಳಿಂದ. ಹೊರಗಿನವರು ಸಮ್ಮೇಳನಗಳಿಗೆ ಬರುವ ಕನ್ವೆನ್ಷನ್ ಸೆಂಟರಿನ ಪಕ್ಕದಲ್ಲೇ ಈ ಮಂದೆಯನ್ನು ಇಟ್ಟದ್ದು ಸುಮ್ನೆ ಅಲ್ಲ ಅಲ್ವಾ?

ಆದರೂ ನನಗೆ ಇಷ್ಟ, ಯಾಕೆಂದರೆ ಅಲ್ಲಿ ಪೀಠವಿಲ್ಲ. ದನಗಳು ದಿಬ್ಬ ಇಳಿದು ನೀರು ದಾಟುತ್ತವೆ, ನೀವು ಅವುಗಳ ನಡುವೆಯೇ ನಡೆಯಬಹುದು. ಧೂಳು, ಬಾಯಾರಿಕೆ, ಕೊನೆಗೆ ಕಾದಿದ್ದ ಕತ್ತಿ, ಇವು ಆ ಕಂಚಿನಲ್ಲಿ ಕಾಣುವುದಿಲ್ಲ. ನಮ್ಮ ಬರಹದಲ್ಲೂ ಇರಲಿಲ್ಲ. ನಿಮ್ಮ ಪತ್ರದಿಂದ ಈಗ ಬಂತು.