ಗೇರ್ ಬದಲಾಗುವಾಗ ಒದೆಯುತ್ತಿದೆಯಾ? ಮೊದಲು ಕರೆಂಟ್ ನೋಡಿ

ಪ್ರಶ್ನೆ: ನನ್ನದು ಸುಮಾರು 25 ವರ್ಷ ಹಳೆಯ, ಆಟೋಮ್ಯಾಟಿಕ್ ಗೇರ್‌ನ ಪಿಕಪ್ ಟ್ರಕ್. ಎರಡು ತಿಂಗಳಿಂದ ಒಂದನೇ ಗೇರ್‌ನಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಆಗುತ್ತದೆ. ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದೆ, ಪ್ರಯೋಜನ ಆಗಲಿಲ್ಲ. ಹೆಡ್‌ಲೈಟ್, ಎಸಿ ಹಾಕಿದಾಗ ಒದೆತ ಜಾಸ್ತಿ. ಕೆಲವು ದಿನ ಮಾತ್ರ ಚೆನ್ನಾಗೇ ಓಡುತ್ತದೆ. ಗೇರ್‌ಬಾಕ್ಸ್ ಇಳಿಸಲೇಬೇಕು ಅಂತಾರೆ ಮೆಕ್ಯಾನಿಕ್. ಇಳಿಸಲಾ?

ಉತ್ತರ: ಬೇಡ, ಈಗಲೇ ಬೇಡ. ಲೈಟ್ ಹಾಕಿದಾಗ ಜಾಸ್ತಿ ಆಗುತ್ತದೆ, ಕೆಲವು ದಿನ ಸರಿ ಇರುತ್ತದೆ ಅಂದಿದ್ದೀರಲ್ಲ, ಅದು ಸವೆದ ಕ್ಲಚ್ ಪ್ಲೇಟಿನ ಲಕ್ಷಣ ಅಲ್ಲ. ಕರೆಂಟಿನ ತೊಂದರೆ ಇರುವ ಸಾಧ್ಯತೆಯೇ ಜಾಸ್ತಿ.

ಗೇರ್‌ಬಾಕ್ಸ್ ಒಳಗೆ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದು ಆಯಿಲ್ ಪ್ರೆಷರ್. 1990ರ ದಶಕದಿಂದ ಈಚೆಗೆ ಬಂದ ಬಹಳಷ್ಟು ಬಾಕ್ಸ್‌ಗಳಲ್ಲಿ ಈ ಪ್ರೆಷರ್ ಎಷ್ಟಿರಬೇಕು ಅಂತ ಗಾಡಿಯ ಕಂಪ್ಯೂಟರ್ ಒಂದು ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ಮೂಲಕ ನಿಯಂತ್ರಿಸುತ್ತದೆ. ಸೊಲೆನಾಯ್ಡ್‌ಗೆ ಕರೆಂಟ್ ಹೆಚ್ಚು ಹೋದರೆ ಪ್ರೆಷರ್ ಇಳಿಯುತ್ತದೆ, ಕರೆಂಟ್ ನಿಂತೇ ಹೋದರೆ ಪ್ರೆಷರ್ ಪೂರ್ತಿ ಏರಿ ಕ್ಲಚ್ ಗಕ್ಕನೆ ಹಿಡಿಯುತ್ತದೆ. ವೈರ್ ತುಂಡಾದರೂ ಕ್ಲಚ್ ಜಾರಿ ಸುಟ್ಟು ಹೋಗಬಾರದು ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಹಾಗಾಗಿ ನಿಮಗೆ ತಗಲುತ್ತಿರುವ ಆ ಗುದ್ದು ಬಾಕ್ಸ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವುದೂ ಇರಬಹುದು.

ಮೊದಲು ಕಂಪ್ಯೂಟರ್‌ನಲ್ಲಿ ಫಾಲ್ಟ್ ಕೋಡ್ ಇದೆಯಾ ಓದಿಸಿ, ಅಳಿಸುವ ಮುಂಚೆ ಬರೆದಿಟ್ಟುಕೊಳ್ಳಿ. ಆಮೇಲೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.7 ವೋಲ್ಟ್ ಇರಬೇಕು. ಇಷ್ಟನ್ನು ಎಲ್ಲರೂ ನೋಡುತ್ತಾರೆ. ಮೀಟರನ್ನು ಎಸಿ ವೋಲ್ಟ್‌ಗೆ (ಕರೆಂಟಿನ ಏರಿಳಿತ ಅಳೆಯುವ ಕಡೆಗೆ) ತಿರುಗಿಸಿ, ಲೈಟ್ ಹಾಕಿ, ಅದೇ ಜಾಗದಲ್ಲಿ ಮತ್ತೊಮ್ಮೆ ಹಿಡಿದು ನೋಡುವವರು ಕಡಿಮೆ. 0.1 ವೋಲ್ಟ್ ಒಳಗಿದ್ದರೆ ಒಳ್ಳೆಯದು. 0.5 ದಾಟಿದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆ ಅಂತಲೇ ಅನುಮಾನಿಸಿ. ಆ ಏರಿಳಿತ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ಹೇಳುವ ಥ್ರಾಟಲ್ ಸೆನ್ಸರ್‌ನ ಸಿಗ್ನಲ್‌ಗೆ ಸೇರಿಕೊಂಡರೆ, ನಿಮ್ಮ ಕಾಲು ಅಲ್ಲಾಡದಿದ್ದರೂ ನೀವು ಆಕ್ಸಿಲರೇಟರ್ ಒತ್ತಿ ಒತ್ತಿ ಬಿಡುತ್ತಿದ್ದೀರಿ ಅಂತ ಕಂಪ್ಯೂಟರ್ ತಿಳಿದು ಪ್ರೆಷರನ್ನೂ ಏರಿಳಿಸಬಹುದು. ಖಚಿತ ಮಾಡಿಕೊಳ್ಳಲು, ಇಂಜಿನ್ ಆಫ್ ಮಾಡಿ ಆಲ್ಟರ್ನೇಟರ್‌ನ ಚಿಕ್ಕ ಪ್ಲಗ್ ಬಿಚ್ಚಿ, ಹಗಲಲ್ಲಿ ಬರೀ ಬ್ಯಾಟರಿ ಮೇಲೆ ಸ್ವಲ್ಪ ದೂರ ಓಡಿಸಿ ನೋಡಿ. ಗೇರ್ ಮೆತ್ತಗೆ ಬಿದ್ದರೆ ಕಳ್ಳ ಸಿಕ್ಕ. ಆದರೆ ಇಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಮಾತ್ರ ಬಿಚ್ಚಬೇಡಿ, ಕಂಪ್ಯೂಟರೇ ಹೋಗಬಹುದು.

ಆಲ್ಟರ್ನೇಟರ್ ಸರಿ ಇದ್ದರೆ ಅರ್ಥಿಂಗ್, ಅಂದರೆ ಬ್ಯಾಟರಿ ಮೈನಸ್ಸಿಗೆ ವಾಪಸ್ ಬರುವ ಕೇಬಲ್ ನೋಡಿ. ಓಮ್ (ರೆಸಿಸ್ಟೆನ್ಸ್) ನೋಡಿದರೆ ಸಾಲದು, ಕೇಬಲ್‌ನಲ್ಲಿ ನಾಲ್ಕು ಎಳೆ ಉಳಿದಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ. ಇಂಜಿನ್ ಓಡುತ್ತಿರಲಿ, ಲೈಟ್, ಎಸಿ ಎಲ್ಲಾ ಹಾಕಿ, ಬ್ಯಾಟರಿ ಮೈನಸ್ಸಿಗೂ ಗೇರ್‌ಬಾಕ್ಸ್ ಮೈಗೂ ನಡುವಿನ ಡಿಸಿ ವೋಲ್ಟ್ ಅಳೆಯಿರಿ. 0.2ಕ್ಕಿಂತ ಜಾಸ್ತಿ ಬಂದರೆ ಅರ್ಥ್ ಕೇಬಲ್ ಬದಲಾಯಿಸಿ, ಬೋಲ್ಟ್ ಕೂರುವ ಜಾಗವನ್ನು ಹೊಳೆಯುವ ತನಕ ಉಜ್ಜಿ.

ಥ್ರಾಟಲ್ ಸೆನ್ಸರ್ ಬೇಗ ಆಗುವ ಕೆಲಸ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ ಪೆಡಲ್ ನಿಧಾನಕ್ಕೆ ಒತ್ತಿ. ಸೆನ್ಸರ್‌ನ ಸಿಗ್ನಲ್ ವೈರ್‌ನಲ್ಲಿ ಒಂದು ವೋಲ್ಟಿನ ಒಳಗಿಂದ ಸುಮಾರು 4.5ರ ತನಕ ಎಲ್ಲೂ ಹಾರದೆ ಏರಬೇಕು.

ಕೊನೆಗೆ ಗೇರ್‌ಬಾಕ್ಸ್‌ನ ಪಕ್ಕದ ದೊಡ್ಡ ಕನೆಕ್ಟರ್. ನಾನೊಮ್ಮೆ ಹೊಸ ಸೊಲೆನಾಯ್ಡ್ ಹಾಕಿದ ಮೇಲೂ ಒದೆತ ನಿಲ್ಲದೆ ಒದ್ದಾಡಿದ್ದೆ. ಆ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲಾ ಕೆಂಪು ಆಯಿಲ್ ಜಿನುಗಿತ್ತು, ಒಂದು ಪಿನ್ ಮೇಲೆ ಹಸಿರು ಪುಡಿ ಕೂತಿತ್ತು, ಅದರ ಎದುರಿನ ತೂತು ಅಗಲವಾಗಿ ಸಡಿಲಾಗಿತ್ತು. ಕ್ಲೀನ್ ಮಾಡಿ, ತೂತನ್ನು ಬಿಗಿ ಮಾಡಿದ ಮೇಲೆ ಗಾಡಿ ಸರಿ ಹೋಯಿತು. ಅಲ್ಲೇ ಪ್ರೆಷರ್ ಸೊಲೆನಾಯ್ಡ್‌ನ ಓಮ್ ಕೂಡ ಅಳೆಯಿರಿ. ಎಷ್ಟೋ ಬಾಕ್ಸ್‌ಗಳಲ್ಲಿ ಅದು 3ರಿಂದ 6ರ ಒಳಗಿರುತ್ತದೆ, ನಿಮ್ಮದಕ್ಕೆ ಸರಿಯಾದ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಅಳೆಯಿರಿ, ವೈರ್ ಅಲ್ಲಾಡಿಸುತ್ತಾ ಅಳೆಯಿರಿ.

ಈ ಕೆಲಸಕ್ಕೆ ಬ್ಯಾಟರಿ ಬಿಚ್ಚಿದ್ದರೆ ಕಂಪ್ಯೂಟರ್ ಕಲಿತದ್ದನ್ನು ಮರೆತಿರಬಹುದು, ಒಂದೆರಡು ದಿನ ಗೇರ್ ಒರಟಾಗಿ ಬಿದ್ದರೆ ಗಾಬರಿ ಬೇಡ. ಇಷ್ಟೆಲ್ಲಾ ಸರಿ ಇದ್ದೂ ಒದೆತ ನಿಲ್ಲದಿದ್ದರೆ ಪ್ರೆಷರ್ ಗೇಜ್ ಹಾಕಿಸಿ. ಕರೆಂಟ್ ಸರಿಯಾಗಿ ಬರುತ್ತಿದ್ದರೂ ಗೇಜ್‌ನಲ್ಲಿ ಪ್ರೆಷರ್ ಇಳಿಯದಿದ್ದರೆ, ಆಗ ಬಾಕ್ಸ್ ಬಿಚ್ಚುವ ಮಾತಾಡಿ.