ವಾಚನಾಲಯದಲ್ಲಿ ಕಾಸರವಳ್ಳಿ: 'ದ್ವೀಪ'ದಿಂದ ಶುರು ಮಾಡಿ

ಕುಂಬಳೆಯ ನಿಮ್ಮ ವಾಚನಾಲಯದಲ್ಲಿ ಗಿರೀಶ ಕಾಸರವಳ್ಳಿಯವರ ಮೂರು ಚಿತ್ರ ತೋರಿಸಬೇಕು, ಮಲಯಾಳಿ ಗೆಳೆಯರೂ ಬರುತ್ತಾರೆ, 'ಘಟಶ್ರಾದ್ಧ'ದಿಂದ ಶುರು ಮಾಡಲೇ ಎಂದು ಕೇಳಿದ್ದೀರಿ. ಬೇಡ, ಅದನ್ನು ಕೊನೆಗಿಡಿ. 1977ರ ಕಪ್ಪು ಬಿಳುಪು ಚಿತ್ರ ಅದು. ರಾತ್ರಿಯ ದೃಶ್ಯಗಳೇ ಅದರ ಜೀವ. ಕಿಟಕಿಯಿಂದ ಸ್ವಲ್ಪ ಬೆಳಕು ಬಂದರೂ ಕಪ್ಪೆಲ್ಲ ಬೂದು ಬಣ್ಣವಾಗಿ, ಕಥಾನಾಯಕಿ ಯಮುನಕ್ಕನ ಮುಖವೇ ಕಾಣುವುದಿಲ್ಲ. ಏಳು ಗಂಟೆ ಕಳೆದ ಮೇಲೆ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಯೇ ಹಾಕಿ. ಚಿತ್ರದ ಪ್ರತಿ 4:3 (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು) ಆಗಿದ್ದರೆ ಪ್ರೊಜೆಕ್ಟರನ್ನೂ 4:3ಕ್ಕೆ ಇಡಿ. ಪರದೆ ತುಂಬಲೆಂದು ಎಳೆದರೆ ಮುಖಗಳು ಅಗಲವಾಗುತ್ತವೆ, ಚೌಕಟ್ಟಿನ ಲೆಕ್ಕವೇ ಕೆಡುತ್ತದೆ.

ಮೊದಲು 'ದ್ವೀಪ' (2002). ನಮ್ಮ ಕಡೆಯವರಿಗೆ ಅದರಲ್ಲಿನ ಮಳೆಯನ್ನು ಯಾರೂ ವಿವರಿಸಬೇಕಿಲ್ಲ. ಮನೆ ಉಳಿಸಲು ಹೆಣಗಿದ್ದು ನಾಗಿ, ಗಂಡ ಗಣಪ ಮನೆ ಉಳಿದದ್ದನ್ನು ದೇವರ ಕೃಪೆ ಎಂದುಬಿಡುತ್ತಾನೆ. ಆ ಗಳಿಗೆಯಲ್ಲಿ ನಾಗಿಯಾಗಿ ನಟಿಸಿದ ಸೌಂದರ್ಯ ಅವರ ಮುಖ ನೋಡಿ. ಇಡೀ ಚಿತ್ರದ ವಾದ ಅಲ್ಲಿದೆ. ಆದರೆ ಜೂನ್, ಜುಲೈಯಲ್ಲಿ ಶೀಟಿನ ಮಾಡಿನ ಕೆಳಗೆ ತೋರಿಸಬೇಡಿ. ಹೊರಗಿನ ಮಳೆ, ಚಿತ್ರದ ಮಳೆ ಎರಡೂ ಸೇರಿ ಮಾತು ಮುಳುಗುತ್ತದೆ. ಸ್ಪೀಕರಿನ ಬಾಸ್ ತಗ್ಗಿಸಿದರೆ ಸಂಭಾಷಣೆ ಬಿಡಿಯಾಗಿ ಕೇಳುತ್ತದೆ.

ನಡುವೆ 'ತಬರನ ಕಥೆ'. ಪಿಂಚಣಿಗಾಗಿ ಕಚೇರಿಗೆ ಅಲೆಯುವ ತಬರನ ಕಷ್ಟ ಯಾವ ಭಾಷೆಯವರಿಗೂ ತಟ್ಟುತ್ತದೆ. ಚಾರುಹಾಸನ್ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಸಬ್‌ಟೈಟಲ್ ಹಿಂದಿನ ಸಾಲಿನವರಿಗೆ ಓದಲು ಬರುತ್ತದೆಯೇ ಎಂದು ಮೊದಲೇ ಕೂತು ನೋಡಿ. ಪರದೆಯ ಕೆಳಅಂಚು ಕುಳಿತವರ ತಲೆಗಿಂತ ಮೇಲಿರಲಿ. ಹಕ್ಕುದಾರರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.